ಅಮೆರಿಕ ಸೇನೆಯ ಧರ್ಮಗುರು (ಚಾಪ್ಲಿನ್) ವಿದೇಶದ ರಣರಂಗದಲ್ಲಿ ಬಂದೂಕು ಹಿಡಿಯುತ್ತಾರಾ? ಅಲ್ಲಿ ಅವರ ಕೆಲಸವೇನು?

ಹಿಡಿಯುವುದಿಲ್ಲ. 1949ರ ಮೊದಲ ಜಿನೀವಾ ಒಪ್ಪಂದದ 24ನೇ ವಿಧಿ ಅವರಿಗೆ ರಕ್ಷಣೆ ಕೊಡುತ್ತದೆ. ಶತ್ರುವಿನ ಕೈಗೆ ಸಿಕ್ಕರೂ ಅವರು ಯುದ್ಧಕೈದಿಗಳಲ್ಲ. ಆಯುಧ ಕೂಡದೆಂಬುದು ಸೇನೆಯ ಸ್ವಂತ ನಿಯಮ. ಅವರ ಕಾವಲಿಗೆ ಜೊತೆಯ ಸಹಾಯಕ ಸೈನಿಕರೇ ಬಂದೂಕು ಹೊರುತ್ತಾರೆ.

ಪ್ರಾರ್ಥನೆ ನಡೆಸುವುದು ಕೆಲಸದ ಒಂದು ಪಾಲು ಮಾತ್ರ. ತಾವು ಕ್ರೈಸ್ತರಾದರೂ ಮುಸ್ಲಿಂ ಸೈನಿಕರ ರಂಜಾನ್ ಉಪವಾಸಕ್ಕೆ ಊಟದ ಹೊತ್ತು, ಯಹೂದಿಗಳಿಗೆ ಕೋಷರ್ (ಅವರ ಧರ್ಮದ ನಿಯಮದಂತೆ ತಯಾರಿಸಿದ) ಆಹಾರದ ಪೊಟ್ಟಣ ಹೊಂದಿಸಿಕೊಡಬೇಕು. ಹೊರಡುವ ಮುಂಚೆಯೇ ಯಾರಿಗೆ ಏನು ಬೇಕೆಂದು ಪಟ್ಟಿ ಮಾಡದಿದ್ದರೆ ಸಾಮಾನು ಬರುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಗುಟ್ಟು ಕಾಯುವುದು. ಸಾಂತ್ವನ ಬಯಸಿ ಸೈನಿಕ ಹೇಳಿಕೊಂಡದ್ದನ್ನು ಅವನ ಒಪ್ಪಿಗೆಯಿಲ್ಲದೆ ಕಮಾಂಡರ್‌ಗೂ ಹೇಳುವಂತಿಲ್ಲ. ಸಹಾಯಕರಿಗೂ ಇದೇ ಕಟ್ಟು. ಆತ್ಮಹತ್ಯೆಯ ಮಾತು ಬಂದರೆ? ಅವನನ್ನು ಒಂಟಿಯಾಗಿ ಬಿಡದೆ, ಮನವೊಲಿಸಿ, ತಾವೇ ಜೊತೆಗೆ ನಡೆದು ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಈ ಭರವಸೆ ಒಮ್ಮೆ ಮುರಿದರೆ ಇಡೀ ಬೆಟಾಲಿಯನ್ ಬಾಯಿ ಮುಚ್ಚಿಕೊಳ್ಳುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಪ್ರಾರ್ಥನಾ ಡೇರೆಯಲ್ಲೇ ಕಾದು ಕೂತು. ಸೈನಿಕರು ಮನಸ್ಸು ಬಿಚ್ಚುವುದು ರಾತ್ರಿಯ ಕಾವಲಿನಲ್ಲಿ, ವಾಹನ ರಿಪೇರಿಯ ಜಾಗದಲ್ಲಿ, ಊಟದ ಸಾಲಿನಲ್ಲಿ. ಅಲ್ಲಿಗೆ ಇವರೇ ಹೋಗಬೇಕು.