ಏನೂ ಆಗಲಿಲ್ಲ ಎಂದರೆ, ಯಾರಿಗೆ?

ಹಾಸನದಿಂದ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಪ್ರಯೋಗಾಲಯದ ಸುರಕ್ಷತೆಗೆ ನಾಲ್ಕು ಪುಟ ಸುರಿದಿದ್ದೀರಿ. ಕೆಂಪು ಅಂಚಿನ ಚಿತ್ರಗಳಂತೆ, ಅಪಾಯದ ಬಗೆ ಸೂಚಿಸುವ ಎಚ್ ಸಂಖ್ಯೆಗಳಂತೆ, ಸೀಸೆಗೊಂದು ಹದಿನಾರು ಭಾಗದ ಹಾಳೆಯಂತೆ! ನಾವು ಮೂವತ್ತು ವರ್ಷ ದ್ರವ ಅಳೆಯುವ ಪಿಪೆಟ್ಟನ್ನು ಬಾಯಲ್ಲೇ ಎಳೆದೆವು, ಮೂಗಿನಿಂದಲೇ ಅನಿಲ ಗುರುತಿಸಿದೆವು. ಏನೂ ಆಗಲಿಲ್ಲ. ಮಕ್ಕಳನ್ನು ಹೆದರಿಸಿ ಪ್ರಯೋಗಾಲಯದಿಂದ ಓಡಿಸಬೇಕೆಂದಿದ್ದೀರಾ?"

ಮೇಷ್ಟ್ರೇ, ಹಾಳೆಯ ಎರಡೂ ಬದಿ ತುಂಬಿಸಿ ಅಂಚಿನಲ್ಲೂ ಬರೆದು ಬೈಯುವ ಓದುಗರು ಈಗ ಅಪರೂಪ. ಅದಕ್ಕೇ ನಿಮ್ಮ ಪತ್ರವನ್ನು ಆರಿಸಿಕೊಂಡೆ. ಮೊದಲು ನಿಮಗೆ ಸಲ್ಲಬೇಕಾದದ್ದು ಸಲ್ಲಲಿ. ರಾಸಾಯನಿಕದ ಅಪಾಯ, ಎಚ್ಚರಿಕೆ ತಿಳಿಸುವ ಈ ಸುರಕ್ಷತಾ ಹಾಳೆ ಅಡುಗೆ ಉಪ್ಪಿಗೂ ಇದ್ದು, ಅದರಲ್ಲೂ 'ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯಿರಿ' ಎಂದಿದ್ದರೆ ಓದುವವನು ಉಳಿದ ಹಾಳೆಗಳನ್ನೂ ಹಗುರವಾಗಿಯೇ ತೆಗೆದುಕೊಳ್ಳುತ್ತಾನೆ. ಅಪಾಯದ ನೆಪ ಹೇಳಿ ಪ್ರಯೋಗಾಲಯಕ್ಕೆ ಬೀಗ ಜಡಿದು, ಪರೀಕ್ಷೆ ಹತ್ತಿರ ಬಂದಾಗ ರೆಕಾರ್ಡ್ ನಕಲು ಮಾಡಿಸುವ ಕಾಲೇಜುಗಳೂ ಇವೆ. ಇಷ್ಟು ಒಪ್ಪಿದೆ. ಇನ್ನು ಜಗಳ.

ನೀವು ನಂಬಿದ ಮೂಗಿನಿಂದಲೇ ಆರಂಭಿಸುತ್ತೇನೆ. ಸಾಲ್ಟ್ ಅನಾಲಿಸಿಸ್, ಅಂದರೆ ಲವಣದಲ್ಲಿ ಏನಿದೆ ಎಂದು ಪತ್ತೆ ಹಚ್ಚುವ ಪ್ರಯೋಗ, ಮಾಡಿದವರಿಗೆಲ್ಲ ಅನಿಲ ತಯಾರಿಸುವ ಕಿಪ್ ಉಪಕರಣದ ಹೈಡ್ರೋಜನ್ ಸಲ್ಫೈಡ್ ನೆನಪಿರುತ್ತದೆ, ಆ ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಒಂದು ಪಾಲಿಗಿಂತ ಕಡಿಮೆಯಿದ್ದರೂ ಮೂಗು ಪತ್ತೆ ಹಚ್ಚುತ್ತದೆ. 100 ಪಾಲಿನ ಆಸುಪಾಸಿಗೆ ಬಂದಾಗ ಮೂಗೇ ಸೋಲುತ್ತದೆ. ನಾತ ನಿಂತಿತು, ಅನಿಲ ತೊಲಗಿತು ಎಂದುಕೊಂಡವನು ಆಗ ಇನ್ನೂ ಹೆಚ್ಚಿನ ಅನಿಲದಲ್ಲಿ ನಿಂತಿರುತ್ತಾನೆ. ಮ್ಯಾನ್‌ಹೋಲ್‌ಗೆ ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದವನೂ ಬರಲಿಲ್ಲ ಎಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವಲ್ಲ, ಅಂಥ ಸಾವುಗಳ ಹಿಂದೆ ಅನೇಕ ಸಲ ಇರುವುದು ಇದೇ ಅನಿಲ. ಅಲ್ಲಿ ಇಳಿದವನಿಗೂ ಮೂಗಿತ್ತು.

ನೀವು ಮೂಗು ಮುರಿದ ಚಿತ್ರಗಳ ವಿಷಯಕ್ಕೆ ಬರೋಣ. ವಿಶ್ವಸಂಸ್ಥೆ 2003ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ, ರಾಸಾಯನಿಕಗಳ ಅಪಾಯವನ್ನು ಚೀಟಿಯ ಮೇಲೆ ಸೂಚಿಸುವ ಜಾಗತಿಕ ಪದ್ಧತಿಯಲ್ಲಿ ಇರುವುದು ಒಂಬತ್ತೇ ಚಿತ್ರಗಳು. ತಲೆಬುರುಡೆಯನ್ನು ಕಂಡರೆ ಯಾವ ಹುಡುಗನೂ ಹಿಂದೆ ಸರಿಯುತ್ತಾನೆ. ಸ್ವಲ್ಪವೇ ಮೈ ಸೇರಿದರೂ ಕೂಡಲೇ ಕೊಲ್ಲಬಲ್ಲ ವಿಷದ ಗುರುತು ಅದು. ಆದರೆ ಇನ್ನೊಂದು ಚಿತ್ರವಿದೆ: ಮನುಷ್ಯನ ಎದೆಯ ಮೇಲೆ ನಕ್ಷತ್ರದಂತೆ ಬಿರಿದ ಬಿಳಿ ಗುರುತು. ಕ್ಯಾನ್ಸರ್, ಹುಟ್ಟುವ ಮಗುವಿಗೆ ಹಾನಿ, ವರ್ಷಗಟ್ಟಲೆ ಉಸಿರಾಡಿದರೆ ಕೆಡುವ ಅಂಗಗಳು, ಇವೆಲ್ಲ ಅದರ ಕೆಳಗೆ ಬರುತ್ತವೆ. ಅದಕ್ಕೆ ಯಾರೂ ಹೆದರುವುದಿಲ್ಲ. ಎಲ್‌ಡಿ-50 ಎಂಬ ಅಂಕಿಯೂ ಹಾಗೆಯೇ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಎಷ್ಟೆಂದು ಅದು ಹೇಳುತ್ತದೆ. ಇಪ್ಪತ್ತು ವರ್ಷದ ನಂತರ ಬರುವ ರಕ್ತದ ಕ್ಯಾನ್ಸರ್ ಬಗ್ಗೆ ಚಕಾರ ಎತ್ತುವುದಿಲ್ಲ. ಆ ಕ್ಯಾನ್ಸರ್ ತರಬಲ್ಲ ಬೆಂಜೀನ್‌ನಿಂದ ಕೈ ತೊಳೆದುಕೊಂಡ ಒಂದು ತಲೆಮಾರಿಗೆ ಅಂದು ಸಂಜೆ ಏನೂ ಆಗಿರಲಿಲ್ಲ.

ನೀವು ಸಾವಿರಾರು ಮಕ್ಕಳಿಂದ ಟೈಟ್ರೇಷನ್ ಮಾಡಿಸಿದ ಪೊಟ್ಯಾಸಿಯಂ ಡೈಕ್ರೋಮೇಟ್‌ನ ಹೊಸ ಸೀಸೆಯೊಂದನ್ನು ತರಿಸಿ ನೋಡಿ. ಆ ಚೆಂದದ ಕಿತ್ತಳೆ ಹರಳಿಗೆ ಒಂಬತ್ತರಲ್ಲಿ ಐದು ಚಿತ್ರಗಳು ಸಲ್ಲುತ್ತವೆ. ತಲೆಬುರುಡೆಯೂ ಇದೆ, ಬಿರಿದ ಎದೆಯೂ ಇದೆ. ಇದನ್ನೇ ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಬೆರೆಸಿ 'ಕ್ರೋಮಿಕ್ ಆಸಿಡ್' ಮಾಡಿ ಗಾಜಿನ ಸಾಮಾನು ತೊಳೆಯುತ್ತಿದ್ದೆವು. ತಿದ್ದುತ್ತೇನೆ, ನಾವು ತೊಳೆಯುತ್ತಿರಲಿಲ್ಲ.

ತೊಳೆಯುತ್ತಿದ್ದವರು ಅಟೆಂಡರ್. ನಾನು ಬಿ.ಎಸ್ಸಿ. ಓದಿದ ಕಾಲೇಜಿನಲ್ಲಿ ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದ ಅಟೆಂಡರ್ ಇದ್ದರು. ದೊಡ್ಡ ಕ್ಯಾನಿನಿಂದ ಮೇಜಿನ ಸೀಸೆಗಳಿಗೆ ಆಮ್ಲ ತುಂಬುವುದು, ಚೀಟಿ ಅಂಟಿಸಿ ಅಕ್ಷರ ಅಳಿಸದಿರಲೆಂದು ಮೇಲೆ ಮೇಣ ಸವರುವುದು, ಸಂಜೆ ನಾವು ಬಿಟ್ಟುಹೋದದ್ದನ್ನೆಲ್ಲ ಸಿಂಕಿಗೆ ಸುರಿಯುವುದು, ಎಲ್ಲ ಅವರದೇ ಕೆಲಸ. ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ಹಳದಿ. ಪ್ರೋಟೀನಿಗೆ ಗಾಢ ನೈಟ್ರಿಕ್ ಆಮ್ಲ ತಾಗಿದರೆ ಹಳದಿ ಬಣ್ಣ ಬರುತ್ತದೆ ಎಂದು ನಾವು ರೆಕಾರ್ಡಿನಲ್ಲಿ ಅಂದವಾಗಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಆ ಪ್ರಯೋಗ ನಮ್ಮೆದುರು ನಡೆದಾಡುತ್ತಿರುವುದು ಯಾರಿಗೂ ಹೊಳೆಯಲಿಲ್ಲ. ಗೆಣ್ಣುಗಳ ಮೇಲೆ ಮಾಯದ ಸಣ್ಣ ಹುಣ್ಣುಗಳಿದ್ದವು. ಕ್ರೋಮಿಯಂ ಕೆಲಸಗಾರರ ಕೈಗೆ ಆಗುವ ಹುಣ್ಣು ಇಂಥದ್ದೇ ಎಂದು ಮುಂದೆ ಎಲ್ಲೋ ಓದಿದಾಗ ನನಗೆ ಅವರ ಕೈ ಕಣ್ಣೆದುರು ಬಂತು. ನಿಮ್ಮ ಕಾಲೇಜಿನಲ್ಲೂ ಅಂಥ ಒಬ್ಬರು ಇದ್ದಿರಲೇಬೇಕು. ಅವರು ಪತ್ರಿಕೆಗಳಿಗೆ ಪತ್ರ ಬರೆಯುವುದಿಲ್ಲ ಮೇಷ್ಟ್ರೇ.

ತಿಳಿದವರಿಗೆ ಹಾಳೆ ಬೇಡ ಎನ್ನುತ್ತೀರಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕ್ಯಾರೆನ್ ವೆಟರ್‌ಹಾನ್ ಅವರಿಗಿಂತ ತಿಳಿದವರು ಯಾರು? ಕ್ರೋಮಿಯಂನಂಥ ಲೋಹಗಳು ದೇಹಕ್ಕೆ ಮಾಡುವ ಹಾನಿಯೇ ಅವರ ಸಂಶೋಧನೆಯ ವಿಷಯ. 1996ರ ಆಗಸ್ಟ್‌ನಲ್ಲಿ ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ, ಕೈಗವಸು ತೊಟ್ಟು ಕೆಲಸ ಮಾಡುತ್ತಿದ್ದಾಗ ಪಾದರಸದ ಕಡುವಿಷ ಸಂಯುಕ್ತವಾದ ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಕೈಗವಸಿನ ಮೇಲೆ ಬಿತ್ತು. ಮೊದಲ ಕೆಲವು ತಿಂಗಳು ಅವರಿಗೂ ಏನೂ ಆಗಲಿಲ್ಲ. ಜನವರಿಯ ಹೊತ್ತಿಗೆ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್‌ನಲ್ಲಿ ತೀರಿಕೊಂಡರು. ಅವರು ತೊಟ್ಟಿದ್ದ ಲೇಟೆಕ್ಸ್ ಕೈಗವಸನ್ನು ಆ ದ್ರವ ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂಬುದು ಆಮೇಲೆ ನಡೆಸಿದ ಪರೀಕ್ಷೆಯಲ್ಲಿ ಗೊತ್ತಾಯಿತು. ಇಂದು ಹಾಳೆಯ ಎಂಟನೆಯ ಭಾಗದಲ್ಲಿ 'ಕೈಗವಸು ಧರಿಸಿ' ಎಂದಷ್ಟೇ ಇದ್ದರೆ ಆ ಹಾಳೆ ಅರೆಬೆಂದದ್ದು. ಯಾವ ವಸ್ತುವಿನ ಕೈಗವಸು, ಎಷ್ಟು ಹೊತ್ತು ತಡೆದೀತು ಎಂದು ಅಲ್ಲಿ ಬರೆದಿರಬೇಕು.

ಓದಲು ಕಲಿಸುವುದೂ ಬೇಕು, ಯಾಕೆಂದರೆ ಗೊಂದಲಗಳಿವೆ. ಅಮೆರಿಕದ ನಾಲ್ಕು ಬಣ್ಣದ ವಜ್ರಾಕೃತಿಯ ಅಪಾಯಚೀಟಿಯಲ್ಲಿ 4 ಎಂದರೆ ಅತಿ ಅಪಾಯ, 0 ಎಂದರೆ ನಿರಪಾಯ. ವಿಶ್ವಸಂಸ್ಥೆಯ ಪದ್ಧತಿಯಲ್ಲಿ ತಿರುಗುಮುರುಗು: ವರ್ಗ 1 ಎಂದರೇ ಕಡುಕೆಟ್ಟದ್ದು. ಎರಡೂ ಬಗೆಯ ಚೀಟಿಗಳು ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ದ್ರವದ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ, ಕೂಡ ವೈವಾದಲ್ಲಿ ಒಪ್ಪಿಸುವ ಪಾಠವಾಗಿಯೇ ಉಳಿದಿದೆ. ಈಥರ್‌ನದು ಮೈನಸ್ 45 ಡಿಗ್ರಿ. ಅಂದರೆ ನಮ್ಮ ಊರುಗಳ ಯಾವ ಚಳಿಯಲ್ಲೂ ಅದರ ಆವಿ ಹೊತ್ತಿಕೊಳ್ಳಲು ಸಿದ್ಧ. ಗಾಳಿಗಿಂತ ಭಾರವಾದ್ದರಿಂದ ಮೇಜಿನ ಮೇಲೆ ಹರಿದು ಆಚೆ ತುದಿಯ ಬರ್ನರ್ ತಲುಪಬಲ್ಲದು. ಈ ಅಂಕಿ ಬಾಯಿಪಾಠವಾದ ಹುಡುಗನೇ ಈಥರ್ ಸೀಸೆಯನ್ನು ಸಾಮಾನ್ಯ ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕುತ್ತಾನೆ, ಒಳಗಿನ ಸ್ವಿಚ್ಚಿನ ಕಿಡಿಯನ್ನು ಮರೆತು.

ನಮ್ಮ ದೇಶದಲ್ಲಿ ತಿಳಿವಳಿಕೆಯನ್ನೂ ಅಂತಸ್ತು ನೋಡಿಯೇ ಹಂಚುತ್ತಾರೆ ಎಂಬುದು ನನ್ನ ಹಳೆಯ ಸಿಟ್ಟು. 1984ರ ಡಿಸೆಂಬರ್‌ನ ಆ ರಾತ್ರಿ ಭೋಪಾಲದ ಆಸ್ಪತ್ರೆಗಳಿಗೆ ಜನ ಸಾಲುಗಟ್ಟಿ ಬಂದಾಗ ಯಾವ ಅನಿಲಕ್ಕೆ ಯಾವ ಚಿಕಿತ್ಸೆ ಎಂಬುದು ವೈದ್ಯರಿಗೇ ತಿಳಿದಿರಲಿಲ್ಲ. ಕಾರ್ಖಾನೆಯ ಗೋಡೆಗೆ ಒರಗಿ ಗುಡಿಸಲು ಕಟ್ಟಿಕೊಂಡವರಿಗೆ ಯಾರು ಹೇಳಬೇಕಿತ್ತು? ಅದಾದ ಮೇಲೆ ಪರಿಸರ ಕಾಯ್ದೆ ಬಂತು, ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ಬಂದವು, ಸುರಕ್ಷತಾ ಹಾಳೆ ಕಡ್ಡಾಯವಾಯಿತು. ಹಾಳೆ ಈಗ ಪ್ರಾಂಶುಪಾಲರ ಕೊಠಡಿಯ ಫೈಲಿನಲ್ಲಿ ಭದ್ರವಾಗಿದೆ, ಇಂಗ್ಲಿಷಿನಲ್ಲಿ. ತಪಾಸಣಾ ತಂಡ ಬಂದ ದಿನ ಹೊರಗೆ ಬರುತ್ತದೆ. ಕಾರ್ಯಾಗಾರ ನಡೆದರೆ ಕೂರುವವರು ಉಪನ್ಯಾಸಕರು. ಅವರಿಗೆ ಚಹಾ ತಂದುಕೊಡುವವರು ಅಟೆಂಡರ್.

ಪತ್ರದ ಕೊನೆಗೆ ಹೆಮ್ಮೆಯಿಂದ ಒಂದು ಸಾಲು ಸೇರಿಸಿದ್ದೀರಿ: ನಾಫ್ತಲೀನ್ ಗುರುತಿಸಲು ನೀವು ತರಿಸಿದ್ದ ಪಿಕ್ರಿಕ್ ಆಮ್ಲದ ಸೀಸೆ ಇಂದಿಗೂ ಕಾಲೇಜಿನ ಉಗ್ರಾಣದಲ್ಲಿ ಹಾಗೆಯೇ ಇದೆಯಂತೆ. ಪಿಕ್ರಿಕ್ ಆಮ್ಲವನ್ನು ನೀರಿನಲ್ಲಿ ನೆನೆಸಿಯೇ ಇಡಬೇಕು. ಒಣಗಿದರೆ ಅದು ಸಿಡಿಮದ್ದು. 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿದು ಊರಿನ ದೊಡ್ಡ ಭಾಗವನ್ನೇ ನೆಲಸಮ ಮಾಡಿದ ಹಡಗಿನ ಸರಕಿನಲ್ಲಿ ಬಹುಪಾಲು ಇದೇ ಆಗಿತ್ತು. ಮುಚ್ಚಳದ ಸುರುಳಿಯಲ್ಲಿ ಹರಳುಗಟ್ಟಿದ್ದರೆ ತಿರುಗಿಸುವ ಉಜ್ಜಾಟವೇ ಸಾಕು. ಇದನ್ನು ಓದಿದ ಕೂಡಲೇ ಪ್ರಾಂಶುಪಾಲರಿಗೆ ಫೋನ್ ಮಾಡಿ. ಸೀಸೆಯನ್ನು ಯಾರೂ ಮುಟ್ಟುವುದು ಬೇಡ, ಉಗ್ರಾಣಕ್ಕೆ ಬೀಗ ಹಾಕಿ ಅಗ್ನಿಶಾಮಕ ದಳವನ್ನು ಕರೆಸಲಿ. ನೋಡಿಕೊಂಡು ಬಾ ಎಂದು ಅಟೆಂಡರನ್ನು ಮಾತ್ರ ಕಳುಹಿಸಬಾರದು.

— ಸಂಪಾದಕ