ಗೋಧಿ ಬಿಟ್ಟರೂ ಸುಸ್ತು ಹೋಗಿಲ್ಲ, ವಿಟಮಿನ್ ಮಾತ್ರೆ ಬೇಕೇ?

ಪ್ರಶ್ನೆ: ನನಗೆ 34 ವರ್ಷ, ಊರು ಸಿಂಧನೂರು. ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಹಾನಿಗೊಳ್ಳುವ ಕಾಯಿಲೆ) ಇರುವುದು ಖಚಿತವಾದ ಮೇಲೆ ಎಂಟು ತಿಂಗಳಿಂದ ಚಪಾತಿ, ರವೆ, ಮೈದಾ ಬಿಟ್ಟಿದ್ದೇನೆ. ಬೆಳಿಗ್ಗೆ ಮಂಡಕ್ಕಿ ವಗ್ಗರಣೆ, ಎರಡು ಹೊತ್ತು ಅನ್ನ, ಸಂಜೆ ಗ್ಲುಟೆನ್‌ರಹಿತ ಬಿಸ್ಕತ್ತು ತಿನ್ನುತ್ತೇನೆ. ಹೊಟ್ಟೆನೋವು ಕಡಿಮೆಯಾಗಿದೆ, ಆದರೆ ಸುಸ್ತು, ಬಾಯಿಹುಣ್ಣು, ಅಂಗಾಲಿನ ಜೋಮು ಹಾಗೆಯೇ ಇವೆ. ವಿಟಮಿನ್ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಮಾತ್ರೆ ಬೇಕಾಗಬಹುದು, ಆದರೆ ರಕ್ತಪರೀಕ್ಷೆಗೆ ಮೊದಲು ಬೇಡ. ಈ ಕಾಯಿಲೆಯಲ್ಲಿ ಸಣ್ಣ ಕರುಳಿನ ಒಳಪದರ ಹಾನಿಗೊಂಡಿರುವುದರಿಂದ ಕಬ್ಬಿಣ, ಫೋಲೇಟ್, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಾಗಿ ಮೈಗೆ ಹತ್ತುವುದಿಲ್ಲ, ಕೆಲವರಲ್ಲಿ ಬಿ12 ಕೂಡ ಕಡಿಮೆಯಾಗುತ್ತದೆ. ಗ್ಲುಟೆನ್ ಬಿಟ್ಟ ಮೇಲೂ ಆ ಪದರ ಪೂರ್ತಿ ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ನಿಮ್ಮ ಜೋಮು ಬಿ12 ಕೊರತೆಯದ್ದಿರಬಹುದು. ಹಾಗಿದ್ದಾಗ ಫೋಲಿಕ್ ಆಮ್ಲದ (ಮಾತ್ರೆ ರೂಪದ ಫೋಲೇಟ್) ಮಾತ್ರೆಯನ್ನಷ್ಟೇ ನುಂಗಿದರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಆದ್ದರಿಂದ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಶೇಖರವಾಗಿರುವ ಕಬ್ಬಿಣದ ಸೂಚಕ), ಫೋಲೇಟ್, ಬಿ12, ವಿಟಮಿನ್ ಡಿ ಇಷ್ಟನ್ನೂ ಒಟ್ಟಿಗೆ ಪರೀಕ್ಷಿಸಲು ವೈದ್ಯರನ್ನು ಕೇಳಿ.

ಎರಡನೆಯ ಕಾರಣ ನಿಮ್ಮ ತಟ್ಟೆಯಲ್ಲೇ ಇದೆ. ಮಂಡಕ್ಕಿಯೂ ಅಕ್ಕಿಯೇ, ಅಂಗಡಿಯ ಬಿಸ್ಕತ್ತೂ ಹೆಚ್ಚಾಗಿ ಅಕ್ಕಿಹಿಟ್ಟು, ಪಿಷ್ಟ, ಸಕ್ಕರೆಗಳದ್ದೇ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನೊಂದಿಗೆ ಬಿ1, ನಾರು, ಕಬ್ಬಿಣದ ಬಹುಪಾಲು ಹೋಗಿರುತ್ತದೆ. ರಾಯಚೂರು ಸೀಮೆಯವರಾಗಿ ನೀವು ಕೊಟ್ಟ ಪಟ್ಟಿಯಲ್ಲಿ ಜೋಳದ ರೊಟ್ಟಿಯ ಹೆಸರೇ ಇಲ್ಲದಿರುವುದು ನನಗೆ ಸೋಜಿಗವೆನಿಸಿತು. ಜೋಳ, ಸಜ್ಜೆ, ರಾಗಿ ಮೂರರಲ್ಲೂ ಗ್ಲುಟೆನ್ ಇಲ್ಲ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಒಂದು ಮಿ.ಗ್ರಾಂಗಿಂತ ಕಡಿಮೆ ಕಬ್ಬಿಣವಿದ್ದರೆ ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ ಸುಮಾರು 6 ಮಿ.ಗ್ರಾಂ ಇರುತ್ತದೆ, ಫೋಲೇಟ್ ಕೂಡ ಅಕ್ಕಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಒಂದು ಹೊತ್ತಿನ ಅನ್ನದ ಬದಲು ರೊಟ್ಟಿ, ಜೊತೆಗೆ ಪಲ್ಯ, ಮೊಳಕೆ ಕಾಳು, ಶೇಂಗಾ ಪುಡಿ ಇರಲಿ. ಲಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ, ಊಟದೊಂದಿಗೆ ಚಹಾ ಕುಡಿದರೆ ಕಡಿಮೆ ಹತ್ತುತ್ತದೆ. ಬಿ12 ಮಾತ್ರ ಧಾನ್ಯ, ಕಾಳು, ತರಕಾರಿಗಳಿಂದ ಸಿಗದು. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮಾಂಸವೇ ಆಧಾರ, ಕೊರತೆ ಹೆಚ್ಚಿದ್ದರೆ ಮಾತ್ರೆ ಅಥವಾ ಚುಚ್ಚುಮದ್ದು.

ಆದರೆ ಜೋಳವನ್ನು ಎಲ್ಲಿ ಬೀಸಿಸುತ್ತೀರಿ ಎಂಬುದು ಮುಖ್ಯ. ಗೋಧಿ ಬೀಸಿದ ಗಿರಣಿಯಲ್ಲೇ ಹಾಕಿಸಿದರೆ ಗೋಧಿಹಿಟ್ಟು ಬೆರೆಯುವುದು ಖಂಡಿತ, ಅಷ್ಟರಿಂದಲೇ ಕರುಳು ಮಾಯದೆ ಉಳಿಯಬಹುದು. ಅಂಗಡಿಯ ಇಂಗಿನಲ್ಲೂ ಸಾಮಾನ್ಯವಾಗಿ ಮೈದಾ ಸೇರಿರುತ್ತದೆ, ಪೊಟ್ಟಣದ ಮೇಲಿನ ವಿವರ ಓದಿ ಕೊಳ್ಳಿ. ಮೂರು ತಿಂಗಳ ನಂತರ ರಕ್ತಪರೀಕ್ಷೆ ಮತ್ತೆ ಮಾಡಿಸಿ. ಜೋಮು ಮೊಣಕಾಲಿನತ್ತ ಏರಿದರೆ ಅಥವಾ ನಡೆಯುವಾಗ ತೂಗಾಡಿದಂತಾದರೆ ಅಲ್ಲಿಯವರೆಗೆ ಕಾಯದೆ ವೈದ್ಯರನ್ನು ಕಾಣಿರಿ.