ಸಿ. ಎಲೆಗನ್ಸ್ ಹುಳು ಉಪ್ಪಿನ ಕಡೆ ಹೋಗುವುದನ್ನು ಮಾಡೆಲ್ ಮಾಡಲು ಅದರ 302 ನರಕೋಶಗಳೂ ಬೇಕಾ?

ಬೇಡ. ಶುರುವಿಗೆ ಒಂದೂ ಬೇಡ. ಇಂಥದ್ದೇ ಸಿಮ್ಯುಲೇಶನ್ ನಾನೂ ಬರೆದಿದ್ದೇನೆ, ನರಗಳನ್ನು ಮುಟ್ಟದೆಯೇ ಬಹಳ ದೂರ ಹೋಗಬಹುದು.

ಮೊದಲು ಯೋಚಿಸಬೇಕಾದ್ದು, ಹುಳುವಿಗೆ ಗೊತ್ತಿರುವುದು ಎಷ್ಟು ಅಂತ. ಅದರ ಉದ್ದ ಸುಮಾರು 1 ಮಿಲಿಮೀಟರ್. ಮೂಗಿನ ತುದಿಯಲ್ಲಿ ಈಗ ಉಪ್ಪು ಎಷ್ಟಿದೆ, ಸ್ವಲ್ಪ ಹೊತ್ತಿನ ಮುಂಚೆ ಎಷ್ಟಿತ್ತು, ಇಷ್ಟೇ ಅದಕ್ಕೆ ತಿಳಿಯುವುದು. 'ಉಪ್ಪು ಎತ್ತ ಜಾಸ್ತಿಯೋ ಅತ್ತ ತಿರುಗು' ಅಂತ ಕೋಡ್ ಬರೆದರೆ ಹುಳು ನೆಟ್ಟಗೆ ಹೋಗಿ ಮುಟ್ಟುತ್ತದೆ, ನಿಜ. ಆದರೆ ಹುಳು ಹರಿಯುವ ಇಡೀ ತಟ್ಟೆ ಕಾಣುವುದು ನಿಮಗೆ, ಹುಳುವಿಗಲ್ಲ ಅಲ್ವಾ?

ನಿಜವಾದ ಹುಳು ಮುಂದೆ ಹರಿಯುತ್ತದೆ, ಆಗಾಗ ಹಿಂದಕ್ಕೆ ಸರಿಯುತ್ತದೆ, ಮೈಯನ್ನು ಒಮೇಗಾ ಅಕ್ಷರದ ಹಾಗೆ ಮಡಚಿ ಬೇರೆ ದಿಕ್ಕಿಗೆ ಹೊರಡುತ್ತದೆ. ಈ ತಿರುವುಗಳ ಗೊಂಚಲಿಗೆ ಪೈರುಯೆಟ್ ಅಂತಾರೆ. ಉಪ್ಪು ಕಡಿಮೆಯಾಗುತ್ತಿರುವಾಗ ಇವು ಜಾಸ್ತಿ, ಏರುತ್ತಿರುವಾಗ ಕಡಿಮೆ. 1999ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಶಾನ್ ಲಾಕರಿ ಅವರ ತಂಡ ಇದನ್ನು ತೋರಿಸಿತು. ಮಾಡೆಲ್‌ನಲ್ಲಿ ವೇಗ ಸ್ಥಿರವಾಗಿರಲಿ. ಪ್ರತಿ ಹೆಜ್ಜೆಗೂ ಸಾಂದ್ರತೆ ಎಷ್ಟು ಬದಲಾಯಿತು ಅಂತ ಲೆಕ್ಕ ಹಾಕಿ, ಅದರ ಮೇಲೆ ತಿರುವಿನ ಸಂಭವನೀಯತೆ ನಿರ್ಧರಿಸಿ. ಹೊಸ ದಿಕ್ಕನ್ನು ಸದ್ಯಕ್ಕೆ ಸುಮ್ನೆ ರ‍್ಯಾಂಡಮ್ ಆಗಿ ಆರಿಸಿದರೆ ಸಾಕು.

ಇಷ್ಟರಲ್ಲೇ ಹುಳು ಉಪ್ಪಿನ ಹತ್ತಿರ ಸೇರುತ್ತದೆ, ಆದರೆ ದಾರಿ ತೀರಾ ಅಂಕುಡೊಂಕು. ಇನ್ನೊಂದು ಉಪಾಯವೂ ಇದೆ ಅಂತ 2009ರಲ್ಲಿ ಜಪಾನಿನ ಈನೊ ಮತ್ತು ಯೋಶಿದಾ ತೋರಿಸಿದರು: ಹುಳು ಹರಿಯುತ್ತಲೇ ನಿಧಾನವಾಗಿ ಉಪ್ಪಿನ ಕಡೆಗೆ ಬಾಗುತ್ತದೆ. ನನಗೆ ಬಹಳ ಇಷ್ಟವಾದ ಭಾಗ ಇದು. ತಟ್ಟೆಯಲ್ಲಿರುವ ಜೆಲ್ಲಿಯಂಥ ಅಗರ್ ಮೇಲೆ ಹುಳು ಹರಿಯುವುದು ಮಗ್ಗುಲಾಗಿ ಮಲಗಿಕೊಂಡು. ಬೆನ್ನಿನ ಕಡೆಗೂ ಹೊಟ್ಟೆಯ ಕಡೆಗೂ ತಲೆ ಆಡಿಸಿದರೆ ಮೇಲಿಂದ ನೋಡುವ ನಮಗೆ ಅದೇ ಎಡ-ಬಲ. ಹೀಗೆ ಒಂದೇ ಮೂಗಿನಲ್ಲಿ ಎರಡೂ ಪಕ್ಕದ ಉಪ್ಪನ್ನು ಹೋಲಿಸಬಹುದು. ಕೋಡ್‌ನಲ್ಲಿ, ದಾರಿಗೆ ಅಡ್ಡಲಾಗಿ ಸಾಂದ್ರತೆ ಎಷ್ಟು ಬದಲಾಗುತ್ತದೋ ಅದಕ್ಕೆ ತಕ್ಕಷ್ಟು ಬಾಗು, ಜೊತೆಗೆ ಸ್ವಲ್ಪ ನಾಯ್ಸ್ (ರ‍್ಯಾಂಡಮ್ ಏರುಪೇರು) ಸೇರಿಸಿ. ಆಮೇಲೆ ಪೈರುಯೆಟ್, ಬಾಗುವಿಕೆ ಎರಡನ್ನೂ ಒಂದೊಂದಾಗಿ ಆಫ್ ಮಾಡಿ ಓಡಿಸಿ ನೋಡಿ, ಯಾವುದರ ಪಾಲು ಎಷ್ಟು ಅಂತ ತಿಳಿಯುತ್ತದೆ.

ಉಪ್ಪು ಅಗರ್‌ನಲ್ಲಿ ಹರಡುತ್ತಲೇ ಇರುತ್ತದೆ ಅನ್ನುವುದು ಮರೆಯಬೇಡಿ. ಡಿಫ್ಯೂಷನ್ ಸಮೀಕರಣವನ್ನೂ ಸೇರಿಸಿ.

ನರಕೋಶ ಬೇಕೇ ಬೇಕು ಅಂದರೆ ಉಪ್ಪನ್ನು ಗ್ರಹಿಸುವ ಎಎಸ್‌ಇ ಅನ್ನುವ ನರಕೋಶಗಳ ಜೋಡಿಯಿಂದ ಶುರು ಮಾಡಿ. ಉಪ್ಪು ಏರಿದಾಗ ಎಡಗಡೆಯದು ಚುರುಕಾಗುತ್ತದೆ, ಇಳಿದಾಗ ಬಲಗಡೆಯದು. ಇನ್ನೊಂದು ಮಾತು: ಉಪ್ಪಿರುವ ಜಾಗದಲ್ಲಿ ಊಟವಿಲ್ಲದೆ ಕೆಲವು ಗಂಟೆ ಕಳೆದ ಹುಳು ಆಮೇಲೆ ಉಪ್ಪಿನಿಂದ ದೂರ ಹೋಗುತ್ತದೆ. ಅದಕ್ಕೇ ಬಾಗುವಿಕೆಯ ಗುಣಾಂಕದ ಚಿಹ್ನೆಯನ್ನು ಕೋಡ್‌ನಲ್ಲಿ ಪ್ಲಸ್ ಅಂತ ಕಟ್ಟಿಹಾಕಬೇಡಿ.